ಆರ್ಡಿಸ್ ತನ್ನ ಗಂಡನ ಕೋವಿ ಸರಿಮಾಡಿದ್ದು

ನಾರ್ವಲ್ ಹೌಗೆನ್ ಸತ್ತದ್ದು ಮಾರ್ಚ್ ತಿಂಗಳಲ್ಲಿ, ಮರದ ಮಿಲ್ಲಿನ ಗರಗಸ ಮಸೆಯುವ ಕೋಣೆಯಲ್ಲಿ. ಕಾಫಿ ಬಿಡುವಿಗೆಂದು ಜೊತೆಯವರೆಲ್ಲ ಹೊರಗೆ ಹೋಗಿದ್ದರು. ವಾಪಸು ಬಂದಾಗ ಅವನು ಮೇಜಿಗೆ ಹಣೆಯಿಟ್ಟು ಕೂತಿದ್ದ. ಮಸೆಯುವ ಚಕ್ರ ಮಾತ್ರ ತಿರುಗುತ್ತಲೇ ಇತ್ತು. ಎದೆಬಡಿತ ನಿಂತುಹೋಗಿದೆ ಅಂದರು ಡಾಕ್ಟರು. ಅವನಿಗೆ ಅರವತ್ತು ಕೂಡ ಆಗಿರಲಿಲ್ಲ.

ಅವನ ಹೆಂಡತಿ ಆರ್ಡಿಸ್ ಮತ್ತು ನಾನು ಊರಿನ ಶಾಲೆಯ ಅಡುಗೆಮನೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದೆವು. ಸುದ್ದಿ ಬಂದಾಗ ಅವಳು ದೊಡ್ಡ ತಟ್ಟೆಯಲ್ಲಿ ಬನ್ನಿನ ಹಿಟ್ಟನ್ನು ಉಂಡೆ ಮಾಡಿ ಸಾಲಾಗಿ ಇಡುತ್ತಿದ್ದಳು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ಹೇಳಬೇಕಾದ್ದನ್ನು ಹೇಳಿದರು. ಆರ್ಡಿಸ್ ಕೇಳಿಸಿಕೊಂಡಳು. ಉಳಿದ ಹಿಟ್ಟನ್ನೂ ಉಂಡೆ ಮಾಡಿ ಸಾಲು ಮುಗಿಸಿದಳು. ತಟ್ಟೆಯನ್ನು ಒಲೆಯೊಳಗೆ ತಳ್ಳಿದಳು. "ಕೆಂಪಗಾದ್ಮೇಲೆ ತೆಗಿ, ಮರೀಬೇಡ," ಎಂದು ನನಗೆ ಹೇಳಿ, ಕೋಟು ಹಾಕಿಕೊಂಡು ಹೆಡ್‌ಮಾಸ್ಟರ ಹಿಂದೆ ಹೋದಳು.

ಅವಳು ಅಳಲಿಲ್ಲ. ಲುಥೆರನ್ ಚರ್ಚಿನಲ್ಲೂ ಅಳಲಿಲ್ಲ, ಗುಂಡಿಗೆ ಪೆಟ್ಟಿಗೆ ಇಳಿಸುವಾಗಲೂ ಅಳಲಿಲ್ಲ. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಇಟ್ಟ ಬ್ರೆಡ್ಡು, ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಹಾಟ್‌ಡಿಶ್, ಕಾಫಿ ಕೊಟ್ಟರು. ಆರ್ಡಿಸ್ ಒಂದು ತಟ್ಟೆ ತುಂಬಾ ಬಡಿಸಿಕೊಂಡು ಪೂರ್ತಿ ಊಟ ಮಾಡಿದಳು. ಹೆಂಗಸರು ಅವಳ ಮುಖವನ್ನೇ ನೋಡುತ್ತಿದ್ದರು. ಇವತ್ತಲ್ಲ ನಾಳೆ ಕಟ್ಟೆ ಒಡೆಯುತ್ತದೆ, ಆಗ ಹಿಡಿದುಕೊಳ್ಳಲು ತಾವಿರಬೇಕು ಎಂದು ಹಲವರು ಸರದಿ ಹಾಕಿಕೊಂಡು ಮನೆಗೆ ಬಂದುಹೋಗುತ್ತಿದ್ದರು. ಅವಳು ಬಂದವರಿಗೆಲ್ಲ ಕಾಫಿ ಕೊಟ್ಟಳು. ಮುಂದಿನ ಸೋಮವಾರ ಕೆಲಸಕ್ಕೆ ಬಂದಳು.

"ಒಳಗೆ ಹೇಗಿದೆಯೇ?" ಎಂದು ನಾನೊಮ್ಮೆ ಕೇಳಿದೆ.

"ಹಲ್ಲು ಕೀಳಿಸ್ಕೊಂಡು ಬಂದ್ಮೇಲೆ ತುಟಿ ಇರುತ್ತಲ್ಲ, ಹಾಗಿದೆ," ಅಂದಳು. "ಇದೆ. ಆದ್ರೆ ನಂದು ಅನ್ನಿಸ್ತಿಲ್ಲ."

ನಾರ್ವಲ್ ಸಾಯುವ ಮೊದಲಿನ ಚಳಿಗಾಲದ ವಿಷಯವನ್ನೂ ಇಲ್ಲಿ ಹೇಳಬೇಕು. ಮೊಂಟಾನಾದ ನಮ್ಮ ಮೂಲೆಯಲ್ಲಿ ಬೇಟೆ ಅಂದರೆ ಮನೆಯ ಊಟ. ಅಕ್ಟೋಬರ್ ಕೊನೆಗೆ ಬೇಟೆಯ ಕಾಲ ಶುರುವಾದರೆ ಮಿಲ್ಲಿನಲ್ಲಿ ಅರ್ಧ ಜನ ಇರುವುದಿಲ್ಲ. ಒಂದು ಎಲ್ಕ್ ಬಿದ್ದರೆ, ಅದು ನಮ್ಮ ಕಾಡಿನ ದೊಡ್ಡ ಜಾತಿಯ ಜಿಂಕೆ, ಕುದುರೆಯಷ್ಟು ಮೈ, ಚಳಿಗಾಲ ಪೂರ್ತಿ ಮಾಂಸದ ಚಿಂತೆಯಿಲ್ಲ. ನಾರ್ವಲ್ ಒಳ್ಳೆಯ ಗುರಿಕಾರ. ದೊಡ್ಡ ಮಾತಾಡುವವನಲ್ಲ, ಆದರೆ ಅವನ ಗುಂಡು ಬಿತ್ತೆಂದರೆ ಪ್ರಾಣಿ ಬಿತ್ತು ಎಂದೇ ಲೆಕ್ಕ. ಆ ಸಲ ಅವನು ಬೆಂಟ್ ಕ್ರೀಕಿನ ಮೇಲಿನ ಬಯಲಿನಲ್ಲಿ ಒಂದು ಗಂಡು ಎಲ್ಕಿಗೆ ಗುಂಡು ಹೊಡೆದ. ದೂರ ಹೆಚ್ಚೇನಿರಲಿಲ್ಲ. ಗುಂಡು ಎದೆಗೆ ಬೀಳುವ ಬದಲು ಹೊಟ್ಟೆಗೆ ಬಿತ್ತು. ಪ್ರಾಣಿ ಓಡಿತು. ನಾರ್ವಲ್ ಮತ್ತು ಅವನ ತಮ್ಮ ಡೆಲ್ಬರ್ಟ್ ಹಿಮದ ಮೇಲಿನ ರಕ್ತದ ಜಾಡು ಹಿಡಿದು ಆ ದಿನವೂ ಮರುದಿನವೂ ಹುಡುಕಿದರು. ಎರಡನೆಯ ದಿನ ಹೊಸ ಹಿಮ ಬಿದ್ದು ಜಾಡು ಮುಚ್ಚಿಹೋಯಿತು.

ಗಾಯ ಮಾಡಿ ಬಿಟ್ಟುಬಂದದ್ದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಬೇಟೆಗಾರನಿಗೆ ಇನ್ನೊಂದಿಲ್ಲ. ಆ ವಾರ ಊರಿನ ಕಾಫಿ ಅಂಗಡಿಯಲ್ಲಿ ಎಲ್ಲರೂ ಕೂತಿದ್ದಾಗ ಡೆಲ್ಬರ್ಟ್ ಜೋರಾಗಿ, "ನಾರ್ವಲ್, ನಿನ್ನ ಕೈ ಹೋಯ್ತು ಕಣೋ. ಇನ್ಮೇಲೆ ಮನೇಲಿ ಕೂತು ಟೀವೀಲಿ ಬೇಟೆ ನೋಡು, ಕಾಲಿಗೆ ಬೆಚ್ಚಗೆ ಕಂಬಳಿ ಹೊದ್ಕೊಂಡು," ಅಂದ. ಎಲ್ಲರೂ ನಕ್ಕರು. ನಾರ್ವಲ್ ಕೂಡ ನಕ್ಕ. ಆಮೇಲೆ ಅವನು ಆ ಅಂಗಡಿಗೆ ಕಾಲಿಡಲಿಲ್ಲ. ಕೋವಿಯನ್ನು ನೆಲಮಾಳಿಗೆಗೆ ಒಯ್ದು ಮೊಳೆಗೆ ನೇತುಹಾಕಿದ. ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದ. ಕಣ್ಣು ಚೆನ್ನಾಗಿದೆ ಅಂದರಂತೆ. ಅದನ್ನು ಕೇಳಿ ಅವನು ಇನ್ನೂ ಕುಗ್ಗಿದ. ಕಣ್ಣಲ್ಲವಾದರೆ ತಾನೇ ಕೆಟ್ಟಿದ್ದೇನೆ ಎಂದಾಯಿತಲ್ಲ.

ಅವನು ಸತ್ತ ವರ್ಷ ಆಗಸ್ಟಿನಲ್ಲಿ ಆರ್ಡಿಸ್ ನನಗೆ ಫೋನ್ ಮಾಡಿದಳು. "ಜಲ್ಲಿ ಗುಂಡಿಗೆ ಹೋಗ್ತಿದ್ದೀನಿ. ಕೋವಿ ಪರೀಕ್ಷೆ ಮಾಡ್ಬೇಕು. ಬರ್ತೀಯಾ?"

"ನೀನ್ಯಾಕೆ? ಡೆಲ್ಬರ್ಟ್ ಹೊಡ್ಕೊಡಲ್ವಾ ನಿಂಗೆ ಒಂದು?"

"ಫ್ರೀಜರಲ್ಲಿ ಮಾಂಸ ಮುಗೀತು," ಅಂದಳು. ನನ್ನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ, ಆದರೂ ಹೋದೆ.

ಆರ್ಡಿಸ್ ಹುಡುಗಿಯಾಗಿದ್ದಾಗಿನಿಂದ ಬೇಟೆಯಾಡಿದವಳು. ಮದುವೆಯಾದ ಮೇಲೆ ವರ್ಷ ಬಿಟ್ಟು ವರ್ಷ ಹೋಗುತ್ತಿದ್ದಳು, ಕೊನೆಕೊನೆಗೆ ಬಿಟ್ಟಿದ್ದಳು. ಅವಳಿಗೆ ಅವಳದೇ ಒಂದು ಸಣ್ಣ ಕೋವಿ ಇತ್ತು, ಜಿಂಕೆಗೆ ಸಾಕು, ಎಲ್ಕಿಗೆ ಸಾಲದು. ಅದನ್ನೂ ನಾರ್ವಲ್‌ನ ದೊಡ್ಡ ಕೋವಿಯನ್ನೂ ಪಿಕಪ್ಪಿನಲ್ಲಿ ತಂದಿದ್ದಳು. ರಸ್ತೆಗೆ ಜಲ್ಲಿ ತೆಗೆದು ಬಿಟ್ಟ ಹಳ್ಳದಲ್ಲಿ ರಟ್ಟಿನ ಪೆಟ್ಟಿಗೆ ನಿಲ್ಲಿಸಿ, ಅದಕ್ಕೆ ಕಾಗದದ ಊಟದ ತಟ್ಟೆಗಳನ್ನು ಅಂಟಿಸಿದಳು. ಹಿಟ್ಟಿನ ಚೀಲಕ್ಕೆ ಮರಳು ತುಂಬಿ ತಂದಿದ್ದಳು. ಪಿಕಪ್ಪಿನ ಮೂತಿಯ ಮೇಲೆ ಆ ಚೀಲವಿಟ್ಟು, ಅದರ ಮೇಲೆ ತನ್ನ ಕೋವಿಯಿಟ್ಟು ಮೂರು ಗುಂಡು ಹೊಡೆದಳು. ಮೂರೂ ತಟ್ಟೆಯ ನಡುವೆ ಒಂದೇ ಕಡೆ ಗುಂಪಾಗಿ ಬಿದ್ದವು.

ಆಮೇಲೆ ನಾರ್ವಲ್‌ನದು. ಮೊದಲ ಗುಂಡು ನಡುವಿನಿಂದ ಮೂರು ಬೆರಳು ಪಕ್ಕಕ್ಕೆ ಬಿತ್ತು. ಎರಡನೆಯದು ತಟ್ಟೆಯ ಮೇಲಂಚಿಗೆ. ಮೂರನೆಯದು ತಟ್ಟೆಗೇ ಬೀಳಲಿಲ್ಲ. ಅವಳು ಕೋವಿ ತಣ್ಣಗಾಗಲು ಬಿಟ್ಟಳು. ಕೋವಿಯ ಮೇಲೆ ಗುರಿ ನೋಡಲು ಕೂರಿಸಿದ್ದ ದುರ್ಬೀನಿನ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಎಲ್ಲ ಬಿಗಿಯಾಗಿದ್ದವು. ಮತ್ತೆ ಹೊಡೆದಳು. ಹಾಗೇ ಆಯಿತು: ಮೊದಲನೆಯದೇ ಪಕ್ಕಕ್ಕೆ, ನಳಿಗೆ ಬಿಸಿಯಾದ ಹಾಗೆಲ್ಲ ಗುಂಡು ಇನ್ನೂ ದೂರ ಹೋಗುತ್ತಿತ್ತು. ಮತ್ತೆ ತನ್ನ ಸಣ್ಣ ಕೋವಿ ಹಿಡಿದಳು. ಒಂದೇ ಕಡೆ.

ಅವಳು ತಟ್ಟೆ ಕಿತ್ತುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು.

"ಇದು ನಾನಲ್ಲ," ಅಂದಳು.

"ಅಲ್ಲ."

"ಅವನೂ ಅಲ್ದೇ ಇರ್ಬಹುದು."

ಗಾಳಿಗೆ ತಟ್ಟೆ ಅವಳ ಕೈಯಲ್ಲಿ ಪಟಪಟ ಬಡಿಯುತ್ತಿತ್ತು.

"ಊಟಕ್ಕೆ ಕೂತಾಗೆಲ್ಲ ಕೇಳ್ತಿದ್ದ," ಅಂದಳು ಅವಳು. "'ಆರ್ಡಿಸ್, ನಾನು ಕೆಟ್ಟೋಗಿದ್ದೀನಾ?' ಅಂತ. ನಾನು, 'ವಯಸ್ಸಾಗುತ್ತಲ್ಲ, ಎಲ್ಲರಿಗೂ ಆಗುತ್ತೆ. ಆಲೂಗಡ್ಡೆ ಹಾಕ್ಲಾ?' ಅಂತಿದ್ದೆ."

ಇದನ್ನು ಅವಳು ಹೇಳಿದ್ದು ಹವಾಮಾನದ ವಿಷಯ ಹೇಳುವ ದನಿಯಲ್ಲೇ. ಆಮೇಲೆ ಖಾಲಿ ತೋಟಾಗಳನ್ನು ಹೆಕ್ಕಿ ಕಾಫಿ ಡಬ್ಬಿಗೆ ಹಾಕಿದಳು.

ಮರುದಿನ ಅವಳ ಅಡುಗೆಮನೆಗೆ ಹೋದಾಗ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಕೋವಿಯನ್ನು ಬಿಚ್ಚಿಟ್ಟಿದ್ದಳು. ಬಿಚ್ಚುವ ಮೊದಲು ಮಾಡಿದ ಒಂದು ಪರೀಕ್ಷೆಯನ್ನು ನನಗೆ ಹೇಳಿದಳು. ಕಬ್ಬಿಣದ ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ಒಂದು ಕೂದಲಿನಷ್ಟಾದರೂ ಸಂದು ಇರಬೇಕು. ಕಾಗದದ ಪಟ್ಟಿಯೊಂದನ್ನು ತೂರಿಸಿ ಹಿಂದಕ್ಕೆ ಎಳೆದರೆ ಅಡ್ಡಿಯಿಲ್ಲದೆ ಹೋಗಬೇಕು. ಇದರಲ್ಲಿ ಅರ್ಧಕ್ಕೇ ನಿಂತುಬಿಟ್ಟಿತ್ತು. ವಾಲ್‌ನಟ್ ಮರ ನೀರು ಕುಡಿದು ಊದಿಕೊಂಡು ಒಂದು ಬದಿಯಿಂದ ನಳಿಗೆಯನ್ನು ಒತ್ತುತ್ತಿತ್ತು. ಇನ್ನೊಂದು ತೊಂದರೆ ಹಿಂಬದಿಯಲ್ಲಿ. ಗುಂಡು ಹಾರಿದಾಗ ಕೋವಿ ಒದೆಯುತ್ತದಲ್ಲ, ಆ ಒದೆತವನ್ನೆಲ್ಲ ತಡೆಯುವುದು ಕಬ್ಬಿಣದ ಕೆಳಗಿರುವ ಒಂದು ಉಬ್ಬು. ಅದು ಮರದ ಗೂಡಿನಲ್ಲಿ ಗಟ್ಟಿಯಾಗಿ ಕೂತಿರಬೇಕು. ಇಲ್ಲಿ ಗೂಡು ಸವೆದು ಉಬ್ಬು ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು.

"ಬೆಡ್ಡಿಂಗ್ ಹಾಕ್ಬೇಕು," ಅಂದಳು. ಎರಡು ಡಬ್ಬಿಯ ಅಂಟು ಬೆರೆಸಿ ಮರದ ಗೂಡಿಗೆ ಹಚ್ಚಿ, ಅದು ಹಸಿಯಿರುವಾಗಲೇ ಕಬ್ಬಿಣವನ್ನು ಕೂರಿಸಿ, ಅದೇ ಅಚ್ಚಿಗೆ ಗಟ್ಟಿಯಾಗಲು ಬಿಡುವುದು. ಆಮೇಲೆ ಕಬ್ಬಿಣಕ್ಕೂ ಮರಕ್ಕೂ ನಡುವೆ ಅಲುಗಾಟವಿರುವುದಿಲ್ಲ. ನಮ್ಮ ಕಡೆ ಗಂಡಸರು ಗ್ಯಾರೇಜಿನಲ್ಲಿ ಮಾಡಿಕೊಳ್ಳುವ ಕೆಲಸ. ನಾರ್ವಲ್ ತಾನೇ ಎಷ್ಟೋ ಜನರ ಕೋವಿಗೆ ಮಾಡಿಕೊಟ್ಟಿದ್ದ. ಅವಳು ಪಕ್ಕದಲ್ಲಿ ನಿಂತು ಹತ್ತಿ ಕೊಡುವುದು, ಒರೆಸುವುದು ಮಾಡಿದ್ದಳು. ತನ್ನ ಕೋವಿಯನ್ನು ಮಾತ್ರ ಅವನು ಬಿಚ್ಚಿ ನೋಡಿರಲಿಲ್ಲ. ಅದು ಅವನ ಅಪ್ಪನಿಂದ ಬಂದದ್ದು, ಅದರಲ್ಲಿ ತಪ್ಪಿರಬಹುದೆಂದು ಅವನಿಗೆ ತೋಚಿಯೇ ಇರಲಿಲ್ಲ.

ಡೆಲ್ಬರ್ಟ್ ಹಿಂಬಾಗಿಲಿನಿಂದ ಒಳಗೆ ಬಂದ. ಅವನು ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುವವನು, ಅಣ್ಣನಿಗಿಂತ ದೊಡ್ಡ ಆಳು, ಬಾಯಿ ಇನ್ನೂ ದೊಡ್ಡದು. ಅಣ್ಣ ಸತ್ತ ಮೇಲೆ ವಾರಕ್ಕೊಮ್ಮೆ ಬಂದು ಅತ್ತಿಗೆಯ ಮನೆಯ ಸಣ್ಣಪುಟ್ಟ ರಿಪೇರಿ ಮಾಡಿಕೊಡುತ್ತಿದ್ದ.

"ಏನಿದು ಆರ್ಡಿಸ್, ಕೋವಿಗೆ ಆಪರೇಷನ್ನಾ? ಬದುಕುತ್ತಾ?"

"ಕಾಫಿ ಅಲ್ಲಿದೆ. ಹಾಕ್ಕೊ."

"ಏಯ್, ತಮಾಷೆ ಅಲ್ಲ. ಇದು ಕೇಕಿಗೆ ಕ್ರೀಮ್ ಬಳಿಯೋ ಕೆಲಸ ಅಲ್ಲಮ್ಮ. ಪಟ್ಟಣದ ಕೋವಿ ರಿಪೇರಿಯವನಿಗೆ ಕೊಡು."

"ಅವನ ಹತ್ರ ಕ್ರಿಸ್ಮಸ್ಸಿನ ತನಕ ಕೆಲಸ ಇದೆಯಂತೆ. ಮತ್ತೆ ಇದು ಕೇಕಿನ ಕೆಲಸಾನೇ. ತಟ್ಟೆಗೆ ಬೆಣ್ಣೆ ಸವರಲ್ವಾ ಹಿಟ್ಟು ಅಂಟದ ಹಾಗೆ? ಹಾಗೇ ಕಬ್ಬಿಣಕ್ಕೆ ಮೇಣ ಸವರೋದು. ಹಿಟ್ಟು ಹೊಯ್ಯೋದು. ಕಾಯೋದು."

"ಹಾಗಾದ್ರೆ ನಂಗೂ ಒಂದು ತುಂಡು ಎತ್ತಿಡು," ಎಂದು ಡೆಲ್ಬರ್ಟ್ ನಕ್ಕ. ಅವಳು ನಗಲಿಲ್ಲ. ಸಿಟ್ಟೂ ಆಗಲಿಲ್ಲ.

ಆ ವಾರವೆಲ್ಲ ಸಂಜೆ ಅವಳು ಅದೇ ಕೆಲಸದಲ್ಲಿದ್ದಳು. ಕೋಲಿಗೆ ಮರಳುಕಾಗದ ಸುತ್ತಿ ನಳಿಗೆ ಕೂರುವ ತೋಡನ್ನು ಉಜ್ಜಿದಳು. ಕಾಗದದ ಪಟ್ಟಿ ಕೊನೆಯವರೆಗೆ ಹೋಗುವಷ್ಟು ಉಜ್ಜಿ ನಿಲ್ಲಿಸಿದಳು. ಉಳಿಯಿಂದ ಗೂಡಿನ ಹಳೆಯ ಎಣ್ಣೆ ಹಿಡಿದ ಮರವನ್ನು ಕೆತ್ತಿ ಒರಟು ಮಾಡಿದಳು. ಅಂಟು ಹೋಗಬಾರದ ತೂತುಗಳಿಗೆ ಮಕ್ಕಳು ಆಡುವ ಜೇಡಿಯನ್ನು ತುಂಬಿದಳು. ಮರದ ಅಂಚಿಗೂ ಕಬ್ಬಿಣದ ಉಬ್ಬಿನ ಮೂರು ಬದಿಗೂ ಟೇಪು ಹಚ್ಚಿದಳು. ಕಬ್ಬಿಣಕ್ಕೆ ನೆಲ ಹೊಳೆಯಿಸುವ ಮೇಣವನ್ನು ಸವರಿ, ಒಣಗಿಸಿ, ಮತ್ತೆ ಸವರಿದಳು. ಶನಿವಾರ ನಾನಿದ್ದಾಗಲೇ ಅಂಟು ಬೆರೆಸಿದಳು. ಕಪ್ಪಗೆ ಕಾಕಂಬಿಯ ಹಾಗಿತ್ತು, ಕಮಟು ವಾಸನೆ. ಕಡ್ಡಿಯಿಂದ ಗೂಡಿನ ತುಂಬ ಹಚ್ಚಿ, ಕಬ್ಬಿಣವನ್ನು ನಿಧಾನವಾಗಿ ಒಳಗೆ ಇಳಿಸಿದಳು. ಅಂಚಿನಿಂದ ಉಕ್ಕಿ ಬಂದ ಅಂಟನ್ನು ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು. ಎರಡು ತಿರುಪನ್ನು ಬೆರಳ ತುದಿಯಲ್ಲಿ, ಕೂರುವಷ್ಟು ಮಾತ್ರ, ತಿರುಗಿಸಿದಳು.

ಭಾನುವಾರ ಚರ್ಚಿನಿಂದ ಬಂದು ತಿರುಪು ಬಿಚ್ಚಿದೆವು. ಕೋವಿ ಬಿಟ್ಟುಕೊಳ್ಳಲಿಲ್ಲ. ಅವಳು ಎಳೆದಳು, ನಾನು ಎಳೆದೆ. ರಬ್ಬರಿನ ಸುತ್ತಿಗೆಯಿಂದ ತಟ್ಟಿದಳು. ಮರವೂ ಕಬ್ಬಿಣವೂ ಒಂದೇ ತುಂಡಾಗಿ ಹುಟ್ಟಿದ ಹಾಗಿದ್ದವು.

ಆರ್ಡಿಸ್ ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಯೋಚಿಸಿದಳು. "ಉಬ್ಬಿನ ಹಿಂಬದಿ," ಅಂದಳು ಕೊನೆಗೆ. "ಮುಂದೆ, ಪಕ್ಕ, ಕೆಳಗೆ ಟೇಪು ಹಚ್ಚಿದೆ. ಹಿಂದೆ ಮೇಣ ಸವರ್ಬೇಕಿತ್ತು. ಸವರ್ಲಿಲ್ಲ."

ಡೆಲ್ಬರ್ಟ್ ಬಂದಾಗ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ವರ್ಷ ಊರಿನ ಮಕ್ಕಳಿಗೆಲ್ಲ ಕೇಕ್ ಮಾಡಿದವಳು ತಟ್ಟೆಗೆ ಬೆಣ್ಣೆ ಸವರೋದು ಮರೆತ್ಯಾ! ಇನ್ನೇನು, ಒಲೆ ಮೇಲೆ ಗೋಡೆಗೆ ಹಾಕ್ಕೊ ಅದನ್ನ. ಒಳ್ಳೇ ಅಲಂಕಾರ."

"ಫ್ರೀಜರಿಗೆ ಹಾಕ್ತೀನಿ."

"ಏನು?"

"ಕಬ್ಬಿಣ ಚಳಿಗೆ ಕುಗ್ಗುತ್ತೆ. ಮರ ಅಷ್ಟು ಕುಗ್ಗಲ್ಲ. ನಾರ್ವಲ್ ಒಂದ್ಸಲ ಮಾಡಿದ್ದ, ಯಾರದೋ ಕೋವಿಗೆ."

ನೆಲಮಾಳಿಗೆಯ ಪೆಟ್ಟಿಗೆ ಫ್ರೀಜರಿನಲ್ಲಿ ಬಟಾಣಿಯ ಕೆಲವು ಪೊಟ್ಟಣ, ಹಿಂದಿನ ವರ್ಷದ ಹಕಲ್‌ಬೆರಿ ಹಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಕೋವಿಯನ್ನು ಮೂಲೆಯಿಂದ ಮೂಲೆಗೆ ಮಲಗಿಸಿ ಮುಚ್ಚಳ ಹಾಕಿದೆವು. ಮುಚ್ಚುವಾಗ ಡೆಲ್ಬರ್ಟ್, ಗುಂಡಿಗೆ ಶವಪೆಟ್ಟಿಗೆ ಇಳಿಸುವಾಗ ತೆಗೆದ ಹಾಗೆ, ಟೋಪಿ ತೆಗೆದ. ತಮಾಷೆಗೇ ತೆಗೆದದ್ದು. ತೆಗೆದ ಮೇಲೆ ಏನು ಮಾಡುತ್ತಿದ್ದೇನೆಂದು ಅವನಿಗೇ ಹೊಳೆದು, ಸುಮ್ಮನೆ ಮತ್ತೆ ಹಾಕಿಕೊಂಡ. ಆರ್ಡಿಸ್ ನೋಡಿದಳೋ ಇಲ್ಲವೋ ಗೊತ್ತಿಲ್ಲ. ಬಟಾಣಿಯ ಪೊಟ್ಟಣವೊಂದನ್ನು ಊಟಕ್ಕೆಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

ಮರುದಿನ ಡೆಲ್ಬರ್ಟ್ ನಳಿಗೆ ಹಿಡಿದುಕೊಂಡ, ಅವಳು ಸುತ್ತಿಗೆಯಿಂದ ಮರದ ಕೆಳಗೆ ಹೊಡೆದಳು. ಮೂರು ನಾಲ್ಕು ಏಟಿಗೆ ಒಣ ಕೊಂಬೆ ಮುರಿದ ಸದ್ದಾಗಿ ಎರಡೂ ಬೇರೆಯಾದವು. ಒಳಗೆ ಅಂಟು ಕಪ್ಪು ಗಾಜಿನ ಹಾಗೆ ಕೂತಿತ್ತು. ಕಬ್ಬಿಣದ ಮೇಲಿದ್ದ ಸಣ್ಣ ಗೀರು ಕೂಡ ಅದರಲ್ಲಿ ಅಚ್ಚೊತ್ತಿತ್ತು. ಮೂಲೆಯಲ್ಲಿ ಒಂದು ಚೂರು ಮಾತ್ರ ಕಿತ್ತುಬಂದಿತ್ತು. ಅದಕ್ಕೆ ಮತ್ತೆ ಅಂಟು ತುಂಬಿ, ಈ ಸಲ ಎಲ್ಲ ಕಡೆಯೂ ಮೇಣ ಸವರಿ, ಕೂರಿಸಿದಳು. ಸಲೀಸಾಗಿ ಬಿಟ್ಟುಕೊಂಡಿತು. ಟೇಪು ಕಿತ್ತು, ಅಂಚು ಉಜ್ಜಿ, ಮತ್ತೆ ನೀರು ಕುಡಿಯದ ಹಾಗೆ ಮರದ ಒಳಗೂ ಹೊರಗೂ ಎಣ್ಣೆ ಹಚ್ಚಿ, ಕೋವಿಯನ್ನು ಜೋಡಿಸಿದಳು.

ಸೆಪ್ಟೆಂಬರಿನಲ್ಲಿ ಮೂವರೂ ಜಲ್ಲಿ ಗುಂಡಿಗೆ ಹೋದೆವು. ಆರ್ಡಿಸ್ ಮೂರು ಹೊಡೆದಳು. ಬಾಟಲಿಯ ಮುಚ್ಚಳದಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ ಮೂರೂ ಇದ್ದವು. ನಳಿಗೆ ಬಿಸಿಯಿರುವಾಗಲೇ ಇನ್ನೆರಡು ಹೊಡೆದಳು. ಅವೂ ಅಲ್ಲೇ. ಆಮೇಲೆ ಎದ್ದು ಡೆಲ್ಬರ್ಟ್‌ಗೆ ಜಾಗ ಬಿಟ್ಟಳು. ಅವನ ಗುಂಡುಗಳೂ ಒಂದರ ಪಕ್ಕ ಒಂದು ಬಿದ್ದವು. ಅವನು ದುರ್ಬೀನಿನಿಂದ ಕಣ್ಣು ತೆಗೆದು ತಟ್ಟೆಯ ಕಡೆ ನೋಡಿದ, ಮತ್ತೆ ದುರ್ಬೀನಿನಲ್ಲಿ ನೋಡಿದ.

"ಪರವಾಗಿಲ್ವೇ," ಅಂದ.

"ಕೋವಿದು ತಪ್ಪು, ಡೆಲ್ಬರ್ಟ್," ಅಂದಳು ಆರ್ಡಿಸ್. "ಅವನದಲ್ಲ."

ಡೆಲ್ಬರ್ಟ್ ಕೋವಿ ಕೆಳಗಿಟ್ಟು ಹೇಳಿದ: "ಹಾಗೆ ಹೇಳೋಕಾಗಲ್ಲ. ಚಳಿಗಾಲ, ಬೇಸಿಗೆ ಎಲ್ಲ ನಿನ್ನ ನೆಲಮಾಳಿಗೇಲಿ ನೇತಾಡ್ತಿತ್ತು. ಅಲ್ಲಿ ಎಷ್ಟು ತೇವ ಅಂತ ನಂಗೊತ್ತಿಲ್ವಾ? ಮರ ಅಲ್ಲೇ ಊದ್ಕೊಂಡಿರ್ಬಹುದು. ಅವನು ಎಲ್ಕಿಗೆ ಹೊಡೆದಾಗ ಸರಿಯಾಗೇ ಇತ್ತೇನೋ."

ಅವನ ಮಾತಿನಲ್ಲಿ ನ್ಯಾಯವಿತ್ತು. ನಾನು ಆರ್ಡಿಸ್‌ಳ ಮುಖ ನೋಡಿದೆ. ಆ ಯೋಚನೆ ಅವಳಿಗೆ ಹೊಸದಲ್ಲ ಎಂದು ಕಂಡಿತು. ಜೇಬಿನಿಂದ ತಿರುಪುಳಿ ತೆಗೆದಳು. ಕೋವಿ ಖಾಲಿಯಿದೆಯೇ ಎಂದು ನೋಡಿ, ಪಿಕಪ್ಪಿನ ಮೂತಿಯ ಮೇಲೆ ಮಲಗಿಸಿ ಬಿಚ್ಚಿದಳು. ನಳಿಗೆಯನ್ನು ತಲೆಕೆಳಗು ಮಾಡಿ ಬಿಸಿಲಿಗೆ ಹಿಡಿದಳು. ಅದರ ಕಪ್ಪು ಬಣ್ಣದ ನಡುವೆ, ಒಂದು ಬದಿಯಲ್ಲಿ, ಹೆಬ್ಬೆರಳಿನಷ್ಟು ಜಾಗ ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದರ ಅಂಚಿಗೆ ಹಳೆಯ ತುಕ್ಕಿನ ಗೆರೆ.

"ಮರ ಒತ್ತುತ್ತಿದ್ದ ಜಾಗ ಇದು," ಅಂದಳು. "ನೇತಾಡೋ ಕೋವಿ ಸವೆಯಲ್ಲ. ಹೊಡೆದಾಗ ಉಜ್ಜಿದ್ರೆ ಸವೆಯುತ್ತೆ. ಇಷ್ಟು ಸವೆಯೋಕೆ ಎಷ್ಟು ಬೇಟೆ ಕಾಲ ಆಗಿರ್ಬೇಕು, ನೀನೇ ಹೇಳು."

ಡೆಲ್ಬರ್ಟ್ ಹೆಬ್ಬೆರಳನ್ನು ಆ ಹೊಳಪಿನ ಮೇಲೆ ಇಟ್ಟ. ಹಿಂದಕ್ಕೆ ಮುಂದಕ್ಕೆ ಆಡಿಸಿದ. ನಳಿಗೆಯನ್ನು ಅವಳ ಕೈಗೆ ಕೊಟ್ಟು, ತನ್ನ ಲಾರಿ ಹತ್ತಿ, ಹೋಗಿಬರುತ್ತೇನೆ ಎನ್ನದೆ ಹೋದ.

"ಮುಗೀತಲ್ಲ," ಅಂದೆ ನಾನು. ಅವಳಿಗೆ ಸಮಾಧಾನವಾಗಿರಬೇಕೆಂದು ನನ್ನ ಎಣಿಕೆ.

"ಏನೋ ಆಗುತ್ತೆ ಅಂದ್ಕೊಂಡಿದ್ದೆ," ಅಂದಳು. "ಇದು ಗೊತ್ತಾದ ತಕ್ಷಣ ಒಳಗೆ ಏನಾದ್ರೂ ಆಗುತ್ತೆ ಅಂತ. ಏನೂ ಆಗ್ಲಿಲ್ಲ." ತಿರುಪನ್ನು ತಿರುಗಿಸುತ್ತಲೇ ಹೇಳಿದಳು. "ಅವನಿಗೆ ಹೇಳೋಕಾಗಲ್ವಲ್ಲ. ನಿಂಗೆ ಹೇಳಿದ್ರೇನು, ಡೆಲ್ಬರ್ಟ್‌ಗೆ ಹೇಳಿದ್ರೇನು."

ಆಮೇಲೆ ಕೆಲವು ವಾರ ಡೆಲ್ಬರ್ಟ್ ಅವಳ ಮನೆಯ ಕಡೆ ಬರಲಿಲ್ಲ. ಬೇಟೆಯ ಕಾಲ ಶುರುವಾಗುವ ಹಿಂದಿನ ದಿನ ಫೋನ್ ಮಾಡಿ, "ಬೆಳಿಗ್ಗೆ ಬರ್ತೀನಿ. ಕುದುರೆ ತರ್ತೀನಿ," ಎಂದಷ್ಟೇ ಹೇಳಿದನಂತೆ.

ಆ ಬೇಟೆಗೆ ನಾನು ಹೋಗಿರಲಿಲ್ಲ. ಅವರಿಬ್ಬರೂ ಬೇರೆ ಬೇರೆಯಾಗಿ ಹೇಳಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ಬೇಟೆಗಾರರು ತೊಡಲೇಬೇಕಾದ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬೆಂಟ್ ಕ್ರೀಕಿನ ಮೇಲಿನ ಬಯಲಿಗೇ ಹೋದರು. ಎಲ್ಲಿಗೆ ಎಂದು ಡೆಲ್ಬರ್ಟ್ ಕೇಳಲಿಲ್ಲ, ಆರ್ಡಿಸ್ ಹೇಳಲಿಲ್ಲ, ಕುದುರೆಗಳು ತಾವಾಗಿ ಆ ದಾರಿ ಹಿಡಿದವಂತೆ. ಮೊಣಕಾಲಿನಷ್ಟು ಹಿಮ. ಬೆಳಕು ಬಲಿತ ಮೇಲೆ ಪೈನ್ ಮರಗಳ ಅಂಚಿನಿಂದ ಎಲ್ಕುಗಳ ಹಿಂಡೊಂದು ಬಯಲಿಗೆ ಇಳಿಯಿತು. ಕೊಂಬಿನ ಗಂಡು ಒಂದಿತ್ತು. ಆರ್ಡಿಸ್ ಅದನ್ನು ಬಿಟ್ಟು, ಪಕ್ಕದಲ್ಲಿದ್ದ ಮರಿಯಿಲ್ಲದ ಹೆಣ್ಣನ್ನು ಗುರಿ ಹಿಡಿದಳು. ಹೆಣ್ಣಿನ ಮಾಂಸ ಮೆತ್ತಗಿರುತ್ತದೆ, ಅವಳ ಪರವಾನಗಿಯಲ್ಲಿ ಹೆಣ್ಣಿಗೂ ಅವಕಾಶವಿತ್ತು. ಬಿದ್ದ ಮರದ ಮೇಲೆ ಕೋವಿಯಿಟ್ಟು ಉಸಿರು ಬಿಟ್ಟು ಹೊಡೆದಳು. ಎಲ್ಕ್ ಎರಡು ಹೆಜ್ಜೆ ನಡೆದು, ಯಾರೋ ಕಾಲು ಮಡಿಸಿದ ಹಾಗೆ, ಕೂತಿತು. ಆಮೇಲೆ ಮಗ್ಗುಲಿಗೆ ಒರಗಿತು. ಅಷ್ಟೇ.

ಅವಳು ತೋಟಾ ಹೊರಗೆ ಎಳೆದು ಜೇಬಿಗೆ ಹಾಕಿಕೊಂಡಳು. ಹಿಂತಿರುಗಿ ನೋಡಿದರೆ ಡೆಲ್ಬರ್ಟ್ ಹಿಮದ ಮೇಲೆ ಮೊಣಕಾಲೂರಿ ಕೂತಿದ್ದ. ಅಳುತ್ತಿದ್ದ. ಮೂಗು, ಮೀಸೆ, ಎಲ್ಲ ಒದ್ದೆ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಅಳುವುದನ್ನು ಕೇಳಿ ಕುದುರೆಗಳು ಕಿವಿ ನಿಮಿರಿಸಿ ನಿಂತಿದ್ದವು ಎಂದಳು ಆರ್ಡಿಸ್.

"ಎಲ್ಲರ ಮುಂದೆ ಅಂದೆ ಆರ್ಡಿಸ್," ಅಂದನಂತೆ. "ಅವನು ನಕ್ಕ. ನಕ್ನಲ್ಲ, ಅದಕ್ಕೇ ತಲೆಗೆ ಹಚ್ಕೊಳ್ಲಿಲ್ಲ ಅಂತ ತಿಳ್ಕೊಂಡೆ."

"ಗೊತ್ತು."

"ಆಮೇಲೆ ಅವನು ಕಾಫಿಗೆ ಬರೋದೇ ಬಿಟ್ಟ. ನಾನು ಹೋಗಿ ಕರೀಬೇಕಿತ್ತು. ನಾಳೆ ಹೋಗೋಣ, ನಾಳೆ ಹೋಗೋಣ ಅಂತ—"

"ಗೊತ್ತು, ಡೆಲ್ಬರ್ಟ್. ನಂಗೂ ಹಾಗೇ ಆಯ್ತು." ಅವಳು ಅವನ ತೋಳು ಹಿಡಿದು ಎಬ್ಬಿಸಿದಳು. ಅವನ ಮೊಣಕಾಲಿಗೆ ಅಂಟಿದ ಹಿಮ ಕೊಡವಿದಳು. "ಬಾ, ಹಿಂಗಾಲು ಹಿಡ್ಕೊ. ಮಾಂಸ ಕೆಡುತ್ತೆ."

ಇಬ್ಬರೂ ಸೇರಿ ಹೊಟ್ಟೆ ಸೀಳಿ, ಕರುಳು ತೆಗೆದು, ನಾಲ್ಕು ಪಾಲು ಮಾಡಿ, ಚೀಲ ತೊಡಿಸಿ ಕುದುರೆಗಳ ಮೇಲೆ ಹೇರಿದರು. ಡೆಲ್ಬರ್ಟ್ ಅಳುತ್ತಲೇ ಕೆಲಸ ಮಾಡಿದ, ಕೆಲಸ ಚೊಕ್ಕಟವಾಗಿಯೇ ಮಾಡಿದ. ಆರ್ಡಿಸ್ ಪಿತ್ತಕೋಶ ಒಡೆಯದ ಹಾಗೆ ಯಕೃತ್ತನ್ನು ಬಿಡಿಸಿ ಬ್ರೆಡ್ಡಿನ ಚೀಲಕ್ಕೆ ಹಾಕಿಕೊಂಡಳು. ಆ ಸಂಜೆ ಈರುಳ್ಳಿ ಹಾಕಿ ಹುರಿದು ಮೂವರೂ ತಿಂದೆವು. ಡೆಲ್ಬರ್ಟ್ ತಿಂದು ಎರಡನೆಯ ಸಲ ಹಾಕಿಸಿಕೊಂಡ.

ಮುಂದಿನ ಶನಿವಾರ ಅವನು ಕಾಫಿ ಅಂಗಡಿಗೆ ಹೋದ. ನನ್ನ ಗಂಡ ಅಲ್ಲಿದ್ದ. ಡೆಲ್ಬರ್ಟ್ ಕುರ್ಚಿಯಲ್ಲಿ ಕೂರದೆ ನಿಂತುಕೊಂಡೇ, "ಏಯ್, ಎಲ್ಲರೂ ಇಲ್ಲಿ ಕೇಳಿ," ಎಂದನಂತೆ. "ಹೋದ ವರ್ಷ ನಮ್ಮಣ್ಣನ ಗುರಿ ತಪ್ಪಿದ್ದು ಕೋವಿಯಿಂದ. ಮರ ನಳಿಗೇನ ಒತ್ತುತ್ತಿತ್ತು. ನಾನು ಕಣ್ಣಾರೆ ನೋಡಿದ್ದೀನಿ. ಅವನ ಕೈ ಸರಿಯಾಗೇ ಇತ್ತು." ಯಾರೋ ಒಬ್ಬ, "ನಾರ್ವಲ್ ಒಳ್ಳೇ ಗುರಿಕಾರ," ಅಂದ. ಡೆಲ್ಬರ್ಟ್, "ಅದನ್ನೇ ನಾನೂ ಹೇಳ್ತಿರೋದು," ಎಂದು ಕೂತ. ಅಂಗಡಿಯವಳು ಅವನ ಲೋಟಕ್ಕೆ ಕಾಫಿ ತುಂಬಿದಳು.

ಈ ಸುದ್ದಿಯನ್ನು ನಾನು ಸೋಮವಾರ ಆರ್ಡಿಸ್‌ಗೆ ಹೇಳಿದೆ. ಅವಳು ಕ್ಯಾರೆಟ್ ಹೆಚ್ಚುತ್ತಿದ್ದಳು. "ಹೌದಾ, ಒಳ್ಳೇದಾಯ್ತು," ಅಂದಳು. ಒಳ್ಳೆಯದಾಯಿತು ಎಂದು ಅವಳಿಗೆ ಅನಿಸಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಅನಿಸಿಕೆ ಎಲ್ಲೋ ಪಕ್ಕದ ಮನೆಯಲ್ಲಿ ಆಗುತ್ತಿರುವಂತೆ ಕಾಣುತ್ತಿತ್ತು.

ಚಳಿಗಾಲ ಕಳೆಯಿತು. ಅವಳು ಎಲ್ಕಿನ ಮಾಂಸದಲ್ಲಿ ಸಾರು ಮಾಡಿದಳು, ಸಾಸೇಜು ಮಾಡಿದಳು, ನಮಗೂ ಡೆಲ್ಬರ್ಟ್‌ಗೂ ಕೊಟ್ಟಳು. ಊರಿನ ಇಬ್ಬರು ಗಂಡಸರು ಸಂಕೋಚಪಡುತ್ತ ತಮ್ಮ ಕೋವಿ ತಂದುಕೊಟ್ಟರು. ಅವಕ್ಕೂ ಬೆಡ್ಡಿಂಗ್ ಮಾಡಿಕೊಟ್ಟಳು. ಮಾರ್ಚಿನಲ್ಲಿ ನಾರ್ವಲ್ ಸತ್ತ ದಿನ ಬಂತು. ನಾನು ಹೂ ತಗೊಂಡು ಹೋದೆ. ಅವಳು ಹೂ ನೋಡಿ, ಇವತ್ತು ಯಾವ ತಾರೀಖು ಎಂದು ಕೇಳಿದಳು.

ಮೇ ತಿಂಗಳ ಒಂದು ದಿನ, ಮಕ್ಕಳ ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಿಟಕಿ ತೆರೆದಿದ್ದೆವು. ಮಿಲ್ಲಿನ ಕಡೆಯಿಂದ ಹೊಸದಾಗಿ ಕೊಯ್ದ ಮರದ ವಾಸನೆ ಬರುತ್ತಿತ್ತು, ಎಂದಿನಂತೆ. ಆರ್ಡಿಸ್ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಜಜ್ಜುತ್ತಿದ್ದಳು. ಸೌಟು ಬಿಟ್ಟು, ಗೋಡೆ ಹಿಡಿದುಕೊಂಡು, ನಿಧಾನವಾಗಿ ನೆಲದ ಮೇಲೆ ಕೂತಳು.

"ಏನಾಯ್ತೇ?" ಎಂದು ಓಡಿದೆ.

"ಕಾಲು ನಿಲ್ತಿಲ್ಲ," ಅಂದಳು. ಮುಖ ಬೆಳ್ಳಗಾಗಿತ್ತು. ಕಣ್ಣು ಒಣಗಿತ್ತು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು.

ಡಾಕ್ಟರನ್ನು ಕರೆಯಲೇ ಎಂದರೆ ಬೇಡ ಅಂದಳು. ನೀರು ಬೇಕೇ ಎಂದರೆ ಬೇಡ ಅಂದಳು. ನಾನು ಅವಳ ಪಕ್ಕದಲ್ಲಿ, ಒಲೆಗೆ ಬೆನ್ನು ಕೊಟ್ಟು ಕೂತೆ. ನೆಲ ತಣ್ಣಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ನನ್ನ ಭುಜಕ್ಕೆ ಒರಗಿದಳು, ಪೂರ್ತಿ ಭಾರ ಬಿಟ್ಟು. ಹಿಂದೆಂದೂ ಅವಳು ಯಾರಿಗೂ ಒರಗಿದ್ದನ್ನು ನಾನು ನೋಡಿರಲಿಲ್ಲ. ಉಸಿರು ಉದ್ದುದ್ದವಾಗಿ ಬರುತ್ತಿತ್ತು. "ಅವನು ಕೇಳ್ದಾಗೆಲ್ಲ ಆಲೂಗಡ್ಡೆ ಹಾಕ್ಲಾ ಅಂತಿದ್ದೆ," ಅಂದಳು.

ಊಟದ ಗಂಟೆ ಹೊಡೆಯಿತು. ಹೊರಗೆ ಮಕ್ಕಳ ಬೂಟಿನ ಸದ್ದು ಶುರುವಾಯಿತು.

"ಎಬ್ಬಿಸು," ಅಂದಳು.

ಎಬ್ಬಿಸಿದೆ. ಅವಳು ಏಪ್ರನ್ ಸರಿಮಾಡಿಕೊಂಡು, ಕೈ ತೊಳೆದು, ಬಡಿಸುವ ಕಿಟಕಿಯ ಬಾಗಿಲನ್ನು ಮೇಲಕ್ಕೆತ್ತಿದಳು.